ಯಾ ಅಂದ್ರ ಏನು?

(ಫಾರ್ಮರ್ಸ್ ಬ್ರಾಂಚ್‌ನಲ್ಲಿ ನಡೆದ ನಮ್ಮ ವೇದಿಕೆಯ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)

 

ಕನ್ನಡದ ಬಗ್ಗೆ ಹದಿನೈದು ನಿಮಿಷ ಮಾತಾಡಬೇಕು ಅಂತ ನಮ್ಮ ಕಾರ್ಯದರ್ಶಿಯವರು ಹೇಳಿದಾಗ ನಾನು, "ಸರ್, ನಾನು ಬೆಳಗಾವಿ ಜಿಲ್ಲೆಯ ಸರ್ಕಾರಿ ಐಟಿಐನಾಗ ಎರಡು ವರ್ಷ ಎಲೆಕ್ಟ್ರಿಷಿಯನ್ ಟ್ರೇಡ್ ಮಾಡಿದವ, ನನಗ ವೈರ್ ಬಿಟ್ರ ಏನ್ ಗೊತ್ತದರೀ" ಅಂದೆ. "ಹಂಗಾದ್ರ ವೈರ್ ಬಗ್ಗೇನೇ ಮಾತಾಡಪಾ" ಅಂದರು. ಕವಿಗಳ ಬಗ್ಗೆ, ಕದಂಬರ ಬಗ್ಗೆ ಹೇಳಲಿಕ್ಕೆ ಓದಿದವರು ಇದ್ದಾರೆ. ನಾನು ಒಂದೇ ಒಂದು ಅಕ್ಷರ ತಗೊಂಡು ಬಂದೇನಿ. ಆ ಅಕ್ಷರ 'ಯಾ'.

ಬೆಳಿಗ್ಗೆ ಸೈಟಿಗೆ ಹೋದಾಗಿನಿಂದ ಸಂಜೆ ಹೆಲ್ಮೆಟ್ ತೆಗೆಯುವ ತನಕ ಈ ಒಂದು ಅಕ್ಷರ ನನ್ನ ಕಿವಿಗೆ ಎಷ್ಟು ಸಲ ಬೀಳುತ್ತದೋ ಲೆಕ್ಕ ಇಲ್ಲ. ಹೋಟೆಲ್ ಅಡುಗೆಮನೆಯಲ್ಲಿ ಇರುವವರಿಗೂ, ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ನಡೆಸುವವರಿಗೂ ಹಾಗೇ ಬೀಳುತ್ತದೆ. ಹೇಳುವವರು ಬೇರೆ ಬೇರೆ. ಅರ್ಥವೂ ಬೇರೆ ಬೇರೆ. ಕೇಳುವ ಕಿವಿ ಮಾತ್ರ ನಮ್ಮದು ಒಂದೇ.

ಮೊದಲು ನಮ್ಮ ಮನೆಯಿಂದಲೇ ಶುರು ಮಾಡೋಣ. ಕನ್ನಡದಲ್ಲಿ 'ಯಾ' ಒಂಟಿಯಾಗಿ ತಿರುಗಾಡುವುದು ಕಡಿಮೆ. ಯಾರು, ಯಾವ, ಯಾವಾಗ, ಯಾಕೆ, ಯಾವುದು: ಅದರ ಬೆನ್ನಿಗೆ ಏನಾದರೂ ಒಂದು ಬರಲೇಬೇಕು, ಬಂದದ್ದು ಪ್ರಶ್ನೆಯೇ ಆಗಿರುತ್ತದೆ. ತಮಿಳರೂ ಯಾರು ಅನ್ನುವುದಕ್ಕೆ 'ಯಾರ್' ಅಂತಾರೆ, ಅದು ನಮ್ಮಿಬ್ಬರ ಹಳೆಯ ಸಂಬಂಧ. ಅಂದರೆ ಕನ್ನಡದವನ ಕಿವಿಗೆ 'ಯಾ' ಬಿದ್ದರೆ ಅದು ಮುಂದಿನ ಅಕ್ಷರಕ್ಕೆ ಕಾಯುತ್ತದೆ. ಯಾ... ಯಾರು? ಯಾ... ಯಾಕ?

ನಮ್ಮ ಬೆಳಗಾವಿ, ಖಾನಾಪುರ, ನಿಪ್ಪಾಣಿ ಕಡೆ ಒಂದು ಓಣಿ ದಾಟಿದರೆ ಸಾಕು, ಅರ್ಥ ಬದಲಾಗುತ್ತದೆ. ಮರಾಠಿ ಮನೆಯ ಬಾಗಿಲಲ್ಲಿ ನಿಂತರೆ ಒಳಗಿನಿಂದ "ಯಾ, ಬಸಾ" ಅಂತಾರೆ. ಬರ್ರಿ, ಕೂಡ್ರಿ ಅಂತ. ಸಣ್ಣವರಿಗೆ 'ಯೇ', ದೊಡ್ಡವರಿಗೆ 'ಯಾ', ಇದು ಮರ್ಯಾದೆಯ ಮಾತು. ನಮ್ಮ ಕಡೆ ಹುಡುಗರು ಇದನ್ನು ಶಾಲೆಗೆ ಹೋಗುವ ಮೊದಲೇ ಕಲಿತಿರುತ್ತಾರೆ. ಯಾಕಂದ್ರ ಆ ಮಾತಿನ ಹಿಂದೆ ಚಹಾ ಬರ್ತದ.

ಹಿಂದಿಯವರಿಗೆ, ಉರ್ದುವಿನವರಿಗೆ 'ಯಾ' ಅಂದರೆ ಅಥವಾ. ಚಾಯ್ ಯಾ ಕಾಫಿ? ಇದು ಪಾರ್ಸಿಯಿಂದ ಅವರಿಗೆ ಬಂದದ್ದು. ಅವರಿಂದ ನಮ್ಮ ಹಳೆಯ ಕಾಗದ-ಪತ್ರಗಳಿಗೂ ಬಂದು, ಕನ್ನಡದ ದಸ್ತಾವೇಜುಗಳಲ್ಲೂ ಅಥವಾ ಅನ್ನುವ ಕಡೆ 'ಯಾ' ಕಾಣುತ್ತದೆ. ಮಂಗಳೂರು, ಕಾಸರಗೋಡು ಕಡೆಯವರು ಇದ್ದರೆ 'ಯಾನೆ' ಗೊತ್ತಿರುತ್ತದೆ: ಒಬ್ಬನಿಗೇ ಎರಡು ಹೆಸರು ಇದ್ದರೆ ಇಂಥವ ಯಾನೆ ಇಂಥವ ಅಂತ ಬರೆಯುತ್ತಾರೆ. ಅದರ ಮೂಲ ಬೇರೆ, 'ಅಂದರೆ' ಅನ್ನುವ ಅರ್ಥದ ಅರಬ್ಬಿ ಮಾತು. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಮುಂದೆ, ಊರಿನ ಹೆಸರು ಹಿಂದೆ ಆಗಿ ಇಲ್ಲಿ ಒದ್ದಾಡುತ್ತಿರುವವರಿಗೆ ಈ ಯಾನೆಯ ಬೆಲೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಹ್ಯೂಸ್ಟನ್‌ನವರು ಹಿಲ್‌ಕ್ರಾಫ್ಟ್ ಅವೆನ್ಯೂಗೆ ಸಾಮಾನು ತರಲಿಕ್ಕೆ ಹೋದರೆ, 2010ರಲ್ಲಿ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟ್ ಅಂತ ಹೆಸರಿಟ್ಟರಲ್ಲ ಆ ಜಾಗ, ಅಲ್ಲಿ ಅಂಗಡಿಯವನ 'ಯಾ' ಈ ಅಥವಾ-ಯಾ ಇರುತ್ತದೆ. ಐದು ಕೆಜಿ ಯಾ ಹತ್ತು ಕೆಜಿ? ನೀವು "ಯಾ ಯಾ" ಅಂತ ತಲೆ ಆಡಿಸಿದರೆ ಅವನು ಹತ್ತು ಕೆಜಿಯದ್ದೇ ಎತ್ತಿ ಇಡ್ತಾನ.

ಇಲ್ಲಿಗೆ ಬರುವ ಮೊದಲು ನಾನು ದೋಹಾದಲ್ಲಿದ್ದೆ. ಈ ಸಭೆಯಲ್ಲಿ ಗಲ್ಫ್ ನೋಡಿ ಬಂದವರು ಬಹಳ ಮಂದಿ ಇದ್ದೀರಿ. ಅಲ್ಲಿ 'ಯಾ' ಅಂದರೆ ಕೂಗು. ನಾವು 'ಏ ತಮ್ಮಾ', 'ಓ ಅಣ್ಣಾ' ಅಂತ ಕರೆಯುವಾಗ ಹಾಕುವ ಏ, ಓ ಇದೆಯಲ್ಲ, ಅದು. ಯಾ ಅಖಿ, ಯಾ ರಫೀಕ್. 'ಯಾ ಅಲ್ಲಾಹ್' ಅನ್ನುವುದು ಬಾಯಲ್ಲಿ ಸವೆದು 'ಯಲ್ಲಾ' ಆಗಿದೆ, ನಡಿ ನಡಿ, ಬೇಗ ಹೊರಡು ಅಂತ ಅರ್ಥ. ವಿಜಯಪುರದ ಕಡೆಯ ಒಬ್ಬ ಹುಡುಗ ಹೊಸದಾಗಿ ಬಂದಿದ್ದ. ಫೋರ್‌ಮನ್ "ಯಲ್ಲಾ, ಯಲ್ಲಾ" ಅಂದ ಕೂಡಲೆ ಅವನು ಏಣಿ, ಡ್ರಿಲ್, ಕೇಬಲ್ ಕಟ್ಟು, ನೀರಿನ ಕ್ಯಾನು, ಎಲ್ಲಾ ಹೊತ್ತುಕೊಂಡು ಬಸ್ಸಿನ ಹತ್ತಿರ ಬಂದು ನಿಂತ. ಎಲ್ಲಾ ತಗೊಂಡು ಬಾ ಅಂದನಲ್ಲಾ ಅಂತ ಅವನ ವಾದ. ಕನ್ನಡದ ಪ್ರಕಾರ ಅವನದ್ದೇ ಸರಿ. ಅದೇ ರೂಮಿನಲ್ಲಿದ್ದ ಉಡುಪಿಯವನಿಗೆ 'ಯಾನ್' ಅಂದರೆ ನಾನು, ತುಳುವಿನಲ್ಲಿ. ರಷ್ಯದವರಿಗೂ 'ಯಾ' ಅಂದರೆ ನಾನು ಅಂತೆಯೇ. ತುಳುವಿಗೂ ರಷ್ಯಕ್ಕೂ ಏನೂ ಸಂಬಂಧವಿಲ್ಲ. ಅಕ್ಷರ ಸಣ್ಣದಾದಷ್ಟೂ ಇಂಥ ಅಡ್ಡಹಾಯುವಿಕೆ ಹೆಚ್ಚು, ಅಷ್ಟೇ.

ಇನ್ನು ಟೆಕ್ಸಾಸ್. ಇಲ್ಲಿ ಇಂಗ್ಲಿಷಿನವರ ಯಾ ಅಂದರೆ ಹೌದು. ಜರ್ಮನ್ನರಿಗೂ ಯಾ ಅಂದರೆ ಹೌದು, ಇವೆರಡೂ ಒಂದೇ ಬೇರಿನವು. ಆಸ್ಟಿನ್ ಕಡೆ ಕೆಲಸ ಮಾಡುವವರು ನ್ಯೂ ಬ್ರೌನ್‌ಫೆಲ್ಸ್, ಫ್ರೆಡರಿಕ್ಸ್‌ಬರ್ಗ್ ನೋಡಿರಬಹುದು. ಜರ್ಮನಿಯಿಂದ ಹಡಗಿನಲ್ಲಿ ಬಂದ ಜನ 1845, 1846ರಲ್ಲಿ ಕಟ್ಟಿಕೊಂಡ ಊರುಗಳು ಅವು. ಅವರ ಜರ್ಮನ್ ಈಗ ಮುದುಕರ ಬಾಯಲ್ಲಷ್ಟೇ ಉಳಿದಿದೆ, ಅದನ್ನು ಧ್ವನಿಮುದ್ರಿಸಿ ಇಡುವ ಕೆಲಸ ಆಸ್ಟಿನ್‌ನ ಯೂನಿವರ್ಸಿಟಿಯಲ್ಲಿ 2001ರಿಂದ ನಡೆದಿದೆ. ನಮಗೆ ಕನ್ನಡ-ಇಂಗ್ಲಿಷ್ ನಿಘಂಟು ಮಾಡಿಕೊಟ್ಟ ಕಿಟೆಲ್ ಸಾಹೇಬರೂ ಜರ್ಮನ್ನರೇ. 1853ರಲ್ಲಿ ಇಂಡಿಯಾಕ್ಕೆ ಬಂದರು, ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಹುಟ್ಟಿನಿಂದ ಯಾ ಅಂದರೆ 'ಹೌದು' ಅಂದುಕೊಂಡು ಬೆಳೆದ ಮನುಷ್ಯ, ನಮ್ಮಲ್ಲಿ ಬಂದು ಯಾ ಅಂದರೆ 'ಯಾರು? ಯಾಕೆ?' ಅಂತ ಕಲಿಯಬೇಕಾಯಿತು. ನಾವು ಅದೇ ದಾರಿಯಲ್ಲಿ ತಿರುಗಿ ನಡೆದಿದ್ದೇವೆ.

ಇಲ್ಲಿಯ ತನಕ ಹೇಳಿದ್ದು ನಗಲಿಕ್ಕೆ. ಇನ್ನು ಮುಂದಿನದಕ್ಕಾಗಿಯೇ ನಾನು ಈ ಅಕ್ಷರ ಆರಿಸಿಕೊಂಡಿದ್ದು.

2020ರ ಜನಗಣತಿಯ ಪ್ರಕಾರ ಟೆಕ್ಸಾಸ್‌ನಲ್ಲಿ ನೂರಕ್ಕೆ 39 ಮಂದಿ ಹಿಸ್ಪಾನಿಕ್ ಜನ. ಅದು ಇಡೀ ರಾಜ್ಯದ ಲೆಕ್ಕ. ಕಟ್ಟಡದ ಸೈಟಿಗೆ ಹೋದರೆ ನನ್ನ ಕಣ್ಣಿಗೆ ಕಾಣುವುದು ಅದಕ್ಕಿಂತ ಬಹಳ ಹೆಚ್ಚು. ಸೈಟಿನ ನಿಜವಾದ ಭಾಷೆ ಸ್ಪ್ಯಾನಿಶ್. ಸ್ಪ್ಯಾನಿಶ್‌ನಲ್ಲೂ 'ಯಾ' ಇದೆ, ಬಹಳ ಇದೆ. ಅದು ಹೌದು ಅಲ್ಲ.

ಡಲ್ಲಾಸ್‌ನ ಉತ್ತರಕ್ಕೆ ಒಂದು ಗೋದಾಮಿನ ಸೈಟು. ದಪ್ಪ ಕೇಬಲ್ಲನ್ನು ಪೈಪಿನೊಳಗೆ ಎಳೆಯುವ ಕೆಲಸ. ಈ ಕೆಲಸದಲ್ಲಿ ಎರಡು ತುದಿ ಇರುತ್ತವೆ. ಒಂದು ತುದಿಯಲ್ಲಿ ನಿಂತವನು ಕೇಬಲ್ಲನ್ನು ಪೈಪಿನ ಬಾಯಿಗೆ ಕೈಯಿಂದ ಊಡಿಸುತ್ತಾನೆ. ಇನ್ನೊಂದು ತುದಿಯಲ್ಲಿ ಎಳೆಯುವ ಮಷೀನು, ಅದರ ಸ್ವಿಚ್ಚು ಕಾಲ ಕೆಳಗೆ. ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ, ನಡುವೆ ಗೋಡೆ. ಕೂಗಿನ ಮೇಲೆ ಕೆಲಸ. ಊಡಿಸುವ ಕಡೆ ಮೆಕ್ಸಿಕೋದ ಒಬ್ಬ ಹಿರಿಯ, ಮಷೀನಿನ ಹತ್ತಿರ ನಮ್ಮ ಕಡೆಯ ಒಬ್ಬ ಹುಡುಗ, ಬಂದು ಮೂರು ವಾರ. ನಾನು ನಡುವಿನ ಏಣಿ ಮೇಲೆ, ಇನ್ನೊಂದು ಪೈಪ್ ಕಟ್ಟುತ್ತಿದ್ದೆ.

ಆ ಹಿರಿಯನ ಕಡೆಯಿಂದ ಕೂಗು ಬಂತು: "ಯಾ! ಯಾ! ಯಾ!"

ಹುಡುಗನಿಗೆ ಕೇಳಿಸಿದ್ದು ಇಂಗ್ಲಿಷಿನ ಯಾ. ಹೌದು, ಹೌದು, ಎಳಿ. ಅವನು ಕಾಲು ಇನ್ನೂ ಒತ್ತಿದ. ಹಿರಿಯ ಕೂಗಿದ್ದು ಸಾಕು, ನಿಲ್ಲಿಸು ಅಂತ. ಅವನ ಕೈಗವಸಿನ ತುದಿ ಕೇಬಲ್ಲಿಗೂ ಪೈಪಿನ ಬಾಯಿಗೂ ನಡುವೆ ಸಿಕ್ಕಿತ್ತು. ಜೋರಾಗಿ ಕೂಗಿದಷ್ಟೂ ಆ ಕಡೆ ಜೋರಾಗಿ ಎಳೆಯುತ್ತಿದೆ. ಕೂಗಿನಲ್ಲಿದ್ದ ಗಾಬರಿ ನನಗೆ ಗೊತ್ತಾಗಿ ನಾನು ಏಣಿಯಿಂದ "ನಿಲ್ಲಸಲೇ" ಅಂತ ಕನ್ನಡದಲ್ಲಿ ಒದರಿದೆ, ಅವನು ಕಾಲು ತೆಗೆದ. ಕೈ ಗವಸಿನಿಂದ ಕಿತ್ತುಕೊಂಡು ಬಂದಿತ್ತು, ಗವಸು ಒಳಗೆ ಹೋಗಿತ್ತು. ಒಂದು ಬೆರಳಿನ ಉಗುರು ಹೋಯಿತು, ಎರಡು ಬೆರಳಿನ ಚರ್ಮ ಸುಲಿಯಿತು. ಬೆರಳು ಉಳಿದವು. ಆ ಮಷೀನು ಸಾವಿರಾರು ಪೌಂಡ್ ಬಲದಲ್ಲಿ ಎಳೆಯುವಂಥದ್ದು ಅನ್ನುವುದನ್ನು ನೆನಪಿಟ್ಟುಕೊಂಡು ಇದನ್ನು ಕೇಳ್ರಿ.

ಹುಡುಗನ ತಪ್ಪೇನೂ ಇಲ್ಲ ಅಂತ ನಾನು ಅವತ್ತೂ ಹೇಳಿದೆ, ಇವತ್ತೂ ಹೇಳುತ್ತೇನೆ. ಸನ್ನೆ ಏನು, ಮಾತು ಏನು ಅಂತ ಮೊದಲೇ ಕೂತು ಗೊತ್ತು ಮಾಡದೆ ಕೆಲಸ ಶುರು ಮಾಡಿಸಿದ್ದರು, ಗಡಿಬಿಡಿ ಇತ್ತು.

ಎರಡು ವಾರ ಬಿಟ್ಟು ಆ ಹಿರಿಯ ಕೈಗೆ ಪಟ್ಟಿ ಕಟ್ಟಿಕೊಂಡೇ ಕೆಲಸಕ್ಕೆ ಬಂದ. ಊಟದ ಹೊತ್ತಿನಲ್ಲಿ ನಮಗಿಬ್ಬರಿಗೂ ಯಾ ಪಾಠ ಮಾಡಿದ. ಸ್ಪ್ಯಾನಿಶ್‌ನ ಯಾ ಲ್ಯಾಟಿನ್‌ನಿಂದ ಬಂದದ್ದು, 'ಆಗಲೇ', 'ಈಗ' ಅನ್ನುವುದು ಅದರ ಹೊಟ್ಟೆಯೊಳಗಿನ ಅರ್ಥ. ಆದರೆ ದನಿ ಬದಲಿಸಿದ ಹಾಗೆ ಅದು ಬದಲಾಗುತ್ತದೆ. ದನಿ ಏರಿಸಿ "ಯಾ?" ಅಂದರೆ, ಆಯಿತೇನು? ಮುಗಿಯಿತೇನು? ಇಳಿಸಿ "ಯಾ" ಅಂದರೆ, ಮುಗಿಯಿತು. ಕತ್ತರಿಸಿದ ಹಾಗೆ "ಯಾ!" ಅಂದರೆ, ಸಾಕು, ನಿಲ್ಲಿಸು. "ಯಾ ನೋ" ಅಂದರೆ ಇನ್ನು ಮೇಲೆ ಇಲ್ಲ. "ಯಾ ಮೇರೊ" ಅಂತ ಮೆಕ್ಸಿಕೋದವರು ಅಂತಾರೆ, ಇನ್ನೇನು ಆಗೇಬಿಡ್ತು ಅಂತ, ಆದರೆ ಇನ್ನೂ ಆಗಿರುವುದಿಲ್ಲ. "ಯಾ ವೊಯ್" ಅಂದರೆ ಬಂದೆ.

ಈ 'ಬಂದೆ'ಗೆ ನಾನು ನಕ್ಕುಬಿಟ್ಟೆ. ನಾವೂ ಹಾಗೇ ಅಲ್ಲವೇ? ಹೊರಗಿನಿಂದ ಗೆಳೆಯ ಕೂಗಿದರೆ ಚಾದರ ಹೊದ್ದು ಮಲಗಿಕೊಂಡೇ "ಬಂದೆ ಬಂದೆ" ಅಂತೀವಿ. ಬಂದಿರುವುದಿಲ್ಲ, ಎದ್ದಿರುವುದೂ ಇಲ್ಲ. ಕರೆಂಟ್ ಹೋದಾಗ ನಮ್ಮ ಕಡೆ "ಲೈಟ್ ಹೋತು" ಅಂತಾರಲ್ಲ, ಅವರೂ ಹಾಗೇ ಲೈಟ್ ಹೋತು ಅಂತಲೇ ಅಂತಾರೆ, 'ಸೆ ಫುಯೆ ಲಾ ಲೂಸ್'. ಇಂಗ್ಲಿಷಿನವನಿಗಿಂತ ಈ ಮನುಷ್ಯ ನಮಗೆ ಹತ್ತಿರದವ ಅಂತ ನನಗೆ ಅವತ್ತು ಅನ್ನಿಸಿತು.

ಮನೆಗೆ ಹೋಗಿ ಯೋಚನೆ ಮಾಡಿದೆ. ಅವರ ಯಾಕ್ಕೆ ನಮ್ಮಲ್ಲಿ ಜೋಡಿ ಪದ ಯಾವುದು? ಹೊಳೆಯಿತು: ಆಯ್ತು. ನಮ್ಮ ಕಡೆ 'ಆತು'. "ಆತ?" "ಆತು." "ಆತ್ ಬಿಡು!" ದನಿಯ ಆಟ ಪೂರ್ತಿ ಅದೇ. ಮುಗಿಯಿತು ಅನ್ನಲಿಕ್ಕೂ ಆತು, ಒಪ್ಪಿದೆ ಅನ್ನಲಿಕ್ಕೂ ಆತು, ಇನ್ನು ಸಾಕು ಅನ್ನಲಿಕ್ಕೂ ಆತು, ಫೋನ್ ಇಡುವಾಗಲೂ ಆತು. ಈಗ ಇದನ್ನು ಪ್ಯಾನೆಲ್ ಮುಂದೆ ತಗೊಂಡು ಹೋಗ್ರಿ. ನಾನು ಮೇಲೆ ಸೀಲಿಂಗಿನಲ್ಲಿ ಬಾಕ್ಸ್ ಬಿಚ್ಚಿಕೊಂಡು ಕೂತಿದ್ದೇನೆ. ಕೆಳಗೆ ಹೆಲ್ಪರಿಗೆ ಹೇಳುತ್ತೇನೆ: "ತಮ್ಮಾ, ಹನ್ನೆರಡನೇ ಬ್ರೇಕರ್ ಆಫ್ ಮಾಡು." ಅವನು "ಆತಣ್ಣ" ಅಂತಾನೆ.

ಏನು ಆತು? ಆಫ್ ಮಾಡಿದ್ದು ಆತೋ, ಆಫ್ ಮಾಡುತ್ತೇನೆ ಅನ್ನುವ ಒಪ್ಪಿಗೆ ಆತೋ? ಇಬ್ಬರೂ ಕನ್ನಡದವರು, ಒಂದೇ ತಾಲೂಕಿನವರು ಇರಬಹುದು. ಆ ಎರಡು ಆತುಗಳ ನಡುವೆ ಇರುವುದು 120 ವೋಲ್ಟ್. ದೊಡ್ಡ ಲೈಟಿನ ಲೈನಾಗಿದ್ದರೆ 277. ಭಾಷೆ ಬೇರೆ ಆದದ್ದರಿಂದ ಅಪಾಯ ಅಂತ ನಾವು ಅಂದುಕೊಳ್ಳುತ್ತೇವೆ. ನನಗೆ ಈಗ ಅನ್ನಿಸುವುದು, ಬೇರೆ ಭಾಷೆಯವನ ಜೊತೆ ನಾವು ಎಚ್ಚರವಾಗಿಯಾದರೂ ಇರುತ್ತೇವೆ, ನಮ್ಮವನ ಜೊತೆ ಅದೂ ಇರುವುದಿಲ್ಲ.

ವೈರಿನ ಬಣ್ಣವೂ ಹೀಗೆ ಭಾಷೆಯೇ. ಐಟಿಐನಲ್ಲಿ ನಮಗೆ ಕಲಿಸಿದ್ದು ಕೆಂಪು, ಹಳದಿ, ನೀಲಿ ಫೇಸು, ಕಪ್ಪು ನ್ಯೂಟ್ರಲ್, ಹಸಿರು ಅರ್ಥಿಂಗು. ಇಲ್ಲಿ ಕಪ್ಪು ಅಂದರೆ ಫೇಸು, 'ಹಾಟ್' ಅಂತಾರೆ. ನ್ಯೂಟ್ರಲ್ ಬಿಳಿ. ಊರಲ್ಲಿ ಹತ್ತು ವರ್ಷ ಕೈ ಪಳಗಿದವನಿಗೆ ಕಪ್ಪು ವೈರ್ ಕಂಡರೆ ಬೆರಳು ತಾನಾಗೇ ಧೈರ್ಯ ತಗೋತದ, ಮುಟ್ಟಿದರೆ ಏನೂ ಆಗುವುದಿಲ್ಲ ಅಂತ. ಇಲ್ಲಿ ಅಪ್ರೆಂಟಿಸ್ ಲೈಸೆನ್ಸ್ ತಗೊಂಡು, ಮಾಸ್ಟರ್ ಎಲೆಕ್ಟ್ರಿಷಿಯನ್ ಕೈಕೆಳಗೆ 8,000 ತಾಸು ದುಡಿದು, ಪರೀಕ್ಷೆ ಪಾಸಾದರೆ ಜರ್ನಿಮನ್ ಅಂತ ರಾಜ್ಯದ ಲೈಸೆನ್ಸ್ ಕೊಡುತ್ತಾರೆ. ಆ ತಾಸುಗಳಲ್ಲಿ ಮೊದಲ ಕೆಲವು ನೂರು ಬರೇ ಕೈ ಕಲಿತದ್ದನ್ನು ಮರೆಸಲಿಕ್ಕೇ ಬೇಕು. ಇನ್ನು 'ಬ್ರಾಂಚ್' ಬಗ್ಗೆ ಹೇಳದಿದ್ದರೆ ಈ ಊರಿನವರು ಬೇಸರ ಮಾಡಿಕೊಂಡಾರು. ನಮಗೆ ಬ್ರಾಂಚ್ ಅಂದರೆ ಬ್ಯಾಂಕಿಂದು. ಎಲೆಕ್ಟ್ರಿಷಿಯನ್‌ಗೆ ಬ್ರಾಂಚ್ ಅಂದರೆ ಬ್ರೇಕರಿನಿಂದ ಪ್ಲಗ್ಗಿನ ತನಕ ಹೋಗುವ ಸರ್ಕ್ಯೂಟ್. ಈ ಊರಿನ ಹೆಸರಿನಲ್ಲಿರುವ ಬ್ರಾಂಚ್ ಅಂದರೆ ಹಳ್ಳ, ನೀರು ಹರಿಯುವ ಹಳ್ಳ. ರೈತರ ಹಳ್ಳ. ನಮ್ಮ ಕಡೆ ಇದ್ದಿದ್ದರೆ ಒಕ್ಕಲಿಗರಹಳ್ಳ ಅಂತಲೋ ಏನೋ ಆಗುತ್ತಿತ್ತು.

ಈ ಊರಿನದೇ ಇನ್ನೊಂದು ಮಾತು. 2006ರ ನವೆಂಬರಿನಲ್ಲಿ ಇಲ್ಲಿಯ ನಗರಸಭೆ ಇಂಗ್ಲಿಷೇ ಊರಿನ ಅಧಿಕೃತ ಭಾಷೆ ಅಂತ ಠರಾವು ಮಾಡಿತು. ಕಾಗದ ಸರಿ ಇಲ್ಲದವರಿಗೆ ಬಾಡಿಗೆ ಮನೆ ಕೊಡಬಾರದು ಅನ್ನುವ ಕಾನೂನನ್ನೂ ತಂದಿತು. ಮುಂದಿನ ವರ್ಷ ಮೇ ತಿಂಗಳಲ್ಲಿ ಜನ ಅದಕ್ಕೆ ವೋಟು ಹಾಕಿ ಒಪ್ಪಿಗೆ ಕೊಟ್ಟರು. ಬಾಡಿಗೆಯ ಕಾನೂನು ಕೋರ್ಟಿನಲ್ಲಿ ನಿಲ್ಲಲಿಲ್ಲ, 2014ರಲ್ಲಿ ಸುಪ್ರೀಂ ಕೋರ್ಟು ಊರಿನ ಮೇಲ್ಮನವಿಯನ್ನು ಕೈಗೆತ್ತಿಕೊಳ್ಳಲೇ ಇಲ್ಲ. ನಾನು ರಾಜಕೀಯ ಮಾತಾಡಲಿಕ್ಕೆ ಬಂದಿಲ್ಲ. ಅಧಿಕೃತ ಭಾಷೆ ಯಾವುದೇ ಇರಲಿ, ಆ ಹಿರಿಯನಿಗೆ ಬೆರಳು ಸಿಕ್ಕಿದಾಗ ಬಾಯಿಗೆ ಬಂದದ್ದು ಅವನ ತಾಯಿಯ ಭಾಷೆ. ನನಗೂ ಏಣಿ ಮೇಲಿಂದ ಬಂದದ್ದು "ನಿಲ್ಲಸಲೇ" ಅಂತಲೇ. ಠರಾವು ಮಾಡಿ ಅದನ್ನು ಬದಲಿಸಲಿಕ್ಕೆ ಬರುವುದಿಲ್ಲ.

ನಿಮಗೆ ಉಪಯೋಗ ಆಗುವ ಒಂದು ವಿಷಯ. ಕೆಲಸಗಾರರ ಸುರಕ್ಷತೆ ನೋಡುವ ಸರ್ಕಾರದ ಓಶಾ ಇಲಾಖೆ 2010ರ ಏಪ್ರಿಲ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ: ಸುರಕ್ಷತೆಯ ತರಬೇತಿಯನ್ನು ಕೆಲಸಗಾರನಿಗೆ ತಿಳಿಯುವ ಭಾಷೆಯಲ್ಲಿ, ತಿಳಿಯುವ ಪದಗಳಲ್ಲಿ ಕೊಡಬೇಕು. ಸಹಿ ಮಾಡಿಸಿಕೊಂಡರೆ ಸಾಲದು. ನನಗೆ ತಿಳಿಯಲಿಲ್ಲ, ಇನ್ನೊಮ್ಮೆ ಹೇಳ್ರಿ ಅಂತ ಕೇಳುವುದು ನಾಚಿಕೆಯಲ್ಲ, ಅದು ನಿಮ್ಮ ಹಕ್ಕು. ಕೆಲಸ ಹೋದೀತು ಅಂತ ಹೆದರಿ "ಯಾ ಯಾ" ಅಂದು ಸಹಿ ಹಾಕಿ ಬರುವವರು ನಮ್ಮಲ್ಲೇ ಎಷ್ಟು ಮಂದಿ ಇದ್ದಾರೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ನಮ್ಮ ಗ್ಯಾಂಗಿನಲ್ಲಿ ಆ ಘಟನೆಯ ನಂತರ ಒಂದು ಕಟ್ಟುಪಾಡು ಮಾಡಿಕೊಂಡೆವು. ಯಾ, ಓಕೆ, ಆತು, ಈ ಮೂರೂ ಪ್ಯಾನೆಲ್ ಹತ್ತಿರ, ಮಷೀನ್ ಹತ್ತಿರ ಬಂದ್. ಎಳಿ ಅನ್ನಲಿಕ್ಕೆ "ಹಾಲಾ". ಹಾಲು ಅಂತ ನೆನಪಿಟ್ಟುಕೊಳ್ರಿ, ಮರೆಯೋದಿಲ್ಲ. ನಿಲ್ಲಿಸು ಅನ್ನಲಿಕ್ಕೆ "ಪಾರಲೆ". ಬಿಸ್ಕೀಟಿನ ಹೆಸರಿನ ಹತ್ತಿರ ಇದೆ, ಅದೂ ಮರೆಯೋದಿಲ್ಲ. ಆಫ್ ಆಗಿದೆ ಅನ್ನಲಿಕ್ಕೆ "ಅಪಗಾದೊ", ಆನ್ ಇದೆ ಅನ್ನಲಿಕ್ಕೆ "ಪ್ರೆಂದಿದೊ". ಮೆಕ್ಸಿಕೋದವರು "ಆಗ್ವಾಸ್" ಅಂತ ಕೂಗಿದರೆ ತಲೆ ತಗ್ಗಿಸಿ ಬದಿಗೆ ಸರೀರಿ. ಆ ಪದದ ಅರ್ಥ ನೀರು, ಆದರೆ ಕೂಗಿದವರು ನೀರು ಕೊಡಲಿಕ್ಕೆ ಕೂಗಿರುವುದಿಲ್ಲ, ಮೇಲಿಂದ ಏನೋ ಬೀಳುತ್ತಿರುತ್ತದೆ. ಮತ್ತು ಹೇಳಿದ್ದನ್ನು ತಿರುಗಿ ಹೇಳಬೇಕು. "ಹನ್ನೆರಡು ಆಫ್ ಮಾಡು" ಅಂದರೆ "ಆತು" ಅಲ್ಲ, "ಹನ್ನೆರಡು ಆಫ್ ಮಾಡಿದೆ, ಬೀಗ ಹಾಕಿದೆ, ಕೀಲಿ ನನ್ನ ಕಿಸೆಯಾಗ ಅದ" ಅನ್ನಬೇಕು. ಅಷ್ಟು ಹೇಳಿದ ಮೇಲೂ ನಾನು ನಂಬುವುದು ಟೆಸ್ಟರನ್ನು. ಮೊದಲು ಕರೆಂಟ್ ಇದೆ ಅಂತ ಗೊತ್ತಿರುವ ಕಡೆ ಟೆಸ್ಟರ್ ಹಚ್ಚಿ ನೋಡುವುದು, ಆಮೇಲೆ ಕೆಲಸ ಮಾಡುವ ವೈರಿಗೆ ಹಚ್ಚುವುದು, ಆಮೇಲೆ ಮತ್ತೆ ಕರೆಂಟ್ ಇರುವ ಕಡೆ. ಮೂರನೆಯದನ್ನು ಬಹಳ ಜನ ಬಿಡುತ್ತಾರೆ. ನಡುವೆಯೇ ಟೆಸ್ಟರಿನ ಬ್ಯಾಟರಿ ಸತ್ತಿದ್ದರೆ ಅದು ಗೊತ್ತಾಗುವುದು ಮೂರನೆಯದರಲ್ಲೇ.

ಆ ಹುಡುಗ ಈಗ ಹ್ಯೂಸ್ಟನ್‌ನಲ್ಲಿದ್ದಾನೆ, ಚೆನ್ನಾಗಿ ಸ್ಪ್ಯಾನಿಶ್ ಮಾತಾಡುತ್ತಾನೆ, ನನಗಿಂತ ಚೆನ್ನಾಗಿ. ಅವನೇ ಈ ಪದಗಳನ್ನೆಲ್ಲ ಕನ್ನಡ ಅಕ್ಷರದಲ್ಲಿ ಬರೆದು ಒಂದು ಚೀಟಿ ಮಾಡಿ ಕಳಿಸಿದ್ದಾನೆ. ನೂರು ಪ್ರತಿ ಮಾಡಿಸಿ ಬಾಗಿಲ ಹತ್ತಿರದ ಮೇಜಿನ ಮೇಲೆ ಇಟ್ಟಿದ್ದೇನೆ, ಊಟಕ್ಕೆ ಹೋಗುವಾಗ ಒಂದೊಂದು ತಗೊಳ್ರಿ. ಹಿಂದಿನ ಬದಿ ಖಾಲಿ ಬಿಟ್ಟಿದೆ. ನಿಮ್ಮ ನಿಮ್ಮ ಕೆಲಸದಲ್ಲಿ ಕಿವಿಗೆ ಬೀಳುವ ಪದ, ಅದಕ್ಕೆ ಅಲ್ಲಿ ಏನು ಅರ್ಥ ಅಂತ ಬರೆದು ಕಾರ್ಯದರ್ಶಿಯವರ ಕೈಗೆ ಕೊಟ್ಟರೆ ಮುಂದಿನ ಸಲ ದೊಡ್ಡ ಚೀಟಿ ಮಾಡೋಣ. ಗೋದಾಮಿನವರು ಆಗಲೇ ಕೊಟ್ಟಿದ್ದಾರೆ. ಅಡುಗೆಮನೆಯವರದ್ದು ಇನ್ನೂ ಬಂದಿಲ್ಲ. "ಕೊಡ್ತೀವಿ, ಆತು" ಅಂತ ಹೋದ ತಿಂಗಳೇ ಅಂದಿದ್ರಿ.